ಪಿಕಪ್ ಹೆಚ್ಚಿತೇ? ಡೈನೋ ಹೇಳಲಿ

ಮಳೆಗಾಲ ಬಂದರೆ ಸಾಕು, ಭಾನುವಾರ ಬೆಳಗ್ಗೆ ಕಲ್ಯಾಣದಿಂದ ಮುರಬಾಡ್ ದಾಟಿ ಮಾಳಶೇಜ್ ಘಾಟಿಯತ್ತ ಬೈಕುಗಳ ಸಾಲು ಹೊರಡುತ್ತದೆ. ನಂಬರ್ ಪ್ಲೇಟಿನಲ್ಲಿ ಎಂಎಚ್ 04 ಇದ್ದರೆ ಥಾಣೆ, 05 ಇದ್ದರೆ ಕಲ್ಯಾಣ-ಡೊಂಬಿವಲಿ, 43 ಆದರೆ ನವಿ ಮುಂಬಯಿ. ಚಹಾಕ್ಕೆ ನಿಂತಲ್ಲಿ ನಡೆಯುವ ಮಾತು ಮಾತ್ರ ಎಲ್ಲರದೂ ಒಂದೇ: ಯಾರು ಯಾವ ಫಿಲ್ಟರ್ ಹಾಕಿಸಿದರು, ಯಾರದು ಇಂದೋರಿ ಸೈಲೆನ್ಸರ್, ಯಾರದು ಪಂಜಾಬಿ, ಯಾರ ಗಾಡಿಗೆ ಎಷ್ಟು ಪಿಕಪ್ ಬಂತು. ಎರಡು ಎಚ್‌ಪಿ ಜಾಸ್ತಿಯಾಗಿದೆ ಎನ್ನುವವರನ್ನು ಅಳೆದದ್ದು ಹೇಗೆಂದು ಕೇಳಿದರೆ ಬರುವ ಉತ್ತರ, ‘ಓಡಿಸಿ ನೋಡಿ, ಗೊತ್ತಾಗುತ್ತೆ.’

ಓಡಿಸಿದರೆ ಗೊತ್ತಾಗುವುದಿಲ್ಲ. ಸದ್ದು ಜೋರಾದರೆ ಅದೇ ವೇಗ ಹೆಚ್ಚೆನಿಸುತ್ತದೆ. ಕಿವಿಗೆ ಈ ಚಾಳಿ ಹಳೆಯದು. ಇನ್ನೊಂದು ಮೋಸ ಸ್ಪ್ರಾಕೆಟ್ಟಿನದು. ಮುಂದಿನ ಸ್ಪ್ರಾಕೆಟ್ಟನ್ನು 15 ಹಲ್ಲಿನಿಂದ 14ಕ್ಕೆ ಇಳಿಸಿದರೆ ಪ್ರತಿ ಗೇರಿನಲ್ಲೂ ಹಿಂದಿನ ಚಕ್ರದ ಎಳೆತ ಸುಮಾರು ಶೇ 7ರಷ್ಟು ಏರುತ್ತದೆ. ಸಿಗ್ನಲ್ ಬಿಟ್ಟೊಡನೆ ಗಾಡಿ ಚಂಗನೆ ಜಿಗಿಯುತ್ತದೆ. ಎಂಜಿನ್ನಿನ ಶಕ್ತಿ ಮಾತ್ರ ಗುಲಗಂಜಿಯಷ್ಟೂ ಏರಿರುವುದಿಲ್ಲ.

ಶಕ್ತಿಯನ್ನು ಅಳೆಯಲು ಇರುವ ಯಂತ್ರ ಡೈನಮೋಮೀಟರ್. ಗ್ಯಾರೇಜಿನ ಬಾಯಲ್ಲಿ ಡೈನೋ. ಮುಂದಿನ ಚಕ್ರವನ್ನು ಕ್ಲಾಂಪಿನಲ್ಲಿ ಸಿಕ್ಕಿಸಿ, ಗಾಡಿಯನ್ನು ಪಟ್ಟಿಗಳಿಂದ ಬಿಗಿದು, ಹಿಂದಿನ ಚಕ್ರವನ್ನು ಭಾರಿ ಉಕ್ಕಿನ ಉರುಳೆಯ ಮೇಲೆ ಕೂರಿಸುತ್ತಾರೆ. ಎದುರಿಗೊಂದು ದೊಡ್ಡ ಫ್ಯಾನ್. ಪ್ಲಗ್ ವೈರಿಗೆ ಆರ್‌ಪಿಎಂ ಹಿಡಿಯುವ ಕ್ಲಿಪ್. ಮೇಲಿನ ಗೇರೊಂದಕ್ಕೆ ಹಾಕಿ, ಕೆಳಗಿನ ಆರ್‌ಪಿಎಂನಿಂದ ಕೆಂಪು ಗೆರೆಯವರೆಗೆ ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿಯುತ್ತಾರೆ. ಉರುಳೆಯ ತೂಕ ಮತ್ತು ಅಳತೆ ಮೊದಲೇ ಗೊತ್ತಿರುವುದರಿಂದ, ಅದು ಎಷ್ಟು ಬೇಗ ವೇಗ ಪಡೆಯಿತು ಎಂಬುದರಲ್ಲೇ ಲೆಕ್ಕ ಇದೆ. ಕೆಲವೇ ಸೆಕೆಂಡುಗಳ ಆರ್ಭಟ ಮುಗಿದ ಮೇಲೆ ಪರದೆಯಲ್ಲಿ ಎರಡು ಗೆರೆ ಮೂಡುತ್ತವೆ: ಒಂದು ಟಾರ್ಕ್, ಅಂದರೆ ಎಂಜಿನ್ನಿನ ತಿರುಚುವ ಬಲ, ಇನ್ನೊಂದು ಶಕ್ತಿ.

ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ಗರಿಷ್ಠ ಟಾರ್ಕ್ 4,000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್. ಲೆಕ್ಕ ಹಾಕಿದರೆ ಅಲ್ಲಿ ಸುಮಾರು 15 ಎಚ್‌ಪಿ. ಕಂಪನಿ ಹೇಳುವ 20.2 ಎಚ್‌ಪಿ ಬರುವುದು 6,100ರಲ್ಲಿ. ಕಲ್ಯಾಣ-ಶೀಳ್ ರಸ್ತೆಯಲ್ಲಿ ಲಾರಿಗಳ ಹಿಂದೆ ಸಾಗುವ ಈ ಗಾಡಿ 6,100 ಆರ್‌ಪಿಎಂ ಕಾಣುವುದೇ ಅಪರೂಪ. ಹಾಗಾಗಿ ಗ್ರಾಫಿನ ಶಿಖರವನ್ನಷ್ಟೇ ನೋಡಿ ಹಿಗ್ಗಬಾರದು. ಹೊಗೆಯ ದಾರಿಯನ್ನು ಸಲೀಸು ಮಾಡಿದ ಸೈಲೆನ್ಸರ್ ತುದಿಯಲ್ಲಿ ಒಂದು ಎಚ್‌ಪಿ ಕೊಟ್ಟು 3,000ದ ಆಸುಪಾಸಿನಲ್ಲಿ ಅದನ್ನೇ ಕಸಿದುಕೊಂಡದ್ದೂ ಇರಬಹುದು.

ಕಂಪನಿಯ ಅಂಕಿಗೂ ಡೈನೋದ ಅಂಕಿಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಕಂಪನಿ ಹೇಳುವುದು ಎಂಜಿನ್ನಿನ ಕ್ರ್ಯಾಂಕಿನಲ್ಲಿ ಅಳೆದದ್ದು. ಡೈನೋ ಅಳೆಯುವುದು ಚಕ್ರದಲ್ಲಿ. ಗೇರು, ಚೈನು, ಟೈರು ಸೇರಿ ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ತಿಂದುಹಾಕುತ್ತವೆ.

ಹವೆಯ ಆಟ ಇದಕ್ಕಿಂತ ಸೂಕ್ಷ್ಮ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಥಾಣೆಗಿಂತ ಸುಮಾರು ಶೇ 10ರಷ್ಟು ಕಡಿಮೆ. ಗಾಳಿ ತೆಳುವಾದಷ್ಟೂ ಎಂಜಿನ್ನಿಗೆ ಆಮ್ಲಜನಕ ಕಮ್ಮಿ. ಅದೇ ಗಾಡಿ ರೈಲಿನಲ್ಲಿ ಬಂದು ಕಲ್ಯಾಣದಲ್ಲಿ ಇಳಿದರೆ ಸ್ಪ್ಯಾನರ್ ಮುಟ್ಟದೆಯೇ ಚುರುಕಾಗಿರುತ್ತದೆ. ಒಂದೇ ಊರಿನಲ್ಲೂ ಜೂನ್ ಬೇರೆ, ಡಿಸೆಂಬರ್ ಬೇರೆ. ಡೊಂಬಿವಲಿಯ ಜೂನ್ ತಿಂಗಳ ಬೆವರಿಳಿಸುವ ಹವೆಯಲ್ಲಿ ನೀರಾವಿಯೇ ಗಾಳಿಯ ಶೇ 3-4ರಷ್ಟು ಜಾಗ ಹಿಡಿದಿರುತ್ತದೆ. ಜೂನಿನಲ್ಲಿ ಮೊದಲ ಅಳತೆ ತೆಗೆದು, ಫಿಲ್ಟರ್ ಹಾಕಿಸಿ, ಡಿಸೆಂಬರಿನಲ್ಲಿ ಎರಡನೆಯದು ತೆಗೆದರೆ ಚಳಿಗಾಲದ ಕೊಡುಗೆಯೆಲ್ಲ ಫಿಲ್ಟರಿನ ಖಾತೆಗೆ ಜಮಾ! ಇದನ್ನು ಸರಿದೂಗಿಸಲೆಂದೇ ತಿದ್ದುಪಡಿ ಸೂತ್ರಗಳಿವೆ. ಎಸ್‌ಎಇ ಜೆ1349 ಎಂಬ ಮಾನಕ ಎಲ್ಲ ಅಳತೆಯನ್ನೂ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಣ ಗಾಳಿಯ ಲೆಕ್ಕಕ್ಕೆ ತರುತ್ತದೆ. ‘ಎಸ್‌ಟಿಡಿ’ ಎಂಬ ಹಳೆಯ ಮಾನಕದಲ್ಲಿ ಅದೇ ಓಟ ಸುಮಾರು ಶೇ 4ರಷ್ಟು ಹೆಚ್ಚು ತೋರಿಸುತ್ತದೆ. ಡೈನೋ ಕೊಡುವ ಶೀಟಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿರುವ ಈ ಹೆಸರನ್ನು ಯಾರೂ ಓದುವುದಿಲ್ಲ, ಓದಬೇಕಾದದ್ದು ಅದನ್ನೇ.

ಸೈಲೆನ್ಸರ್ ಬದಲಿಸಿದರೆ ಶಕ್ತಿ ಬರುತ್ತದೆಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಅದು ಟೂ-ಸ್ಟ್ರೋಕ್ ಕಾಲದ ಆಸ್ತಿ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು ರಾಜ್‌ದೂತ್ 350 ಎಂಬ ಹೆಸರಿನಲ್ಲಿ ಇಲ್ಲಿ ಮಾರಿತು. ಜಪಾನಿನಲ್ಲಿ 39 ಎಚ್‌ಪಿ ಇದ್ದ ಎಂಜಿನ್ನನ್ನು ನಮ್ಮವರ ಮೈಲೇಜು ಚಿಂತೆಗಾಗಿ 30.5ಕ್ಕೆ, ಆಮೇಲೆ ಬಂದ ಮಾದರಿಯಲ್ಲಿ 27ರ ಆಸುಪಾಸಿಗೆ ಕಟ್ಟಿಹಾಕಲಾಯಿತು. ಟೂ-ಸ್ಟ್ರೋಕಿನಲ್ಲಿ ಹೊಗೆಕೊಳವೆಯ ಹೊಟ್ಟೆಯೊಳಗಿನಿಂದ ಹಿಂದಿರುಗುವ ಒತ್ತಡದ ಅಲೆಯೇ ತಪ್ಪಿಸಿಕೊಳ್ಳುವ ಪೆಟ್ರೋಲನ್ನು ಸಿಲಿಂಡರಿಗೆ ಮರಳಿ ನೂಕುತ್ತದೆ. ಅಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಅಂಗವೇ. ಆರ್‌ಎಕ್ಸ್ 100 ಪ್ರೇಮಿಗಳಿಗೂ ಇದು ಅನುಭವದ ಮಾತು. ಆ ಪಾಠವನ್ನು 2020ರ ಏಪ್ರಿಲ್ ನಂತರದ ಬಿಎಸ್6 ಹೊಗೆ ಮಾನಕದ ಫೋರ್-ಸ್ಟ್ರೋಕಿಗೆ ಅನ್ವಯಿಸಿದ್ದೇ ಎಡವಟ್ಟು. ಈಗ ಪೆಟ್ರೋಲು ಎಷ್ಟು ಹೋಗಬೇಕೆಂದು ಎಂಜಿನ್ನಿನ ಕಂಪ್ಯೂಟರಾದ ಇಸಿಯು ತೀರ್ಮಾನಿಸುತ್ತದೆ; ಹೊಗೆಯಲ್ಲಿನ ಆಮ್ಲಜನಕ ನೋಡಿ ತಿದ್ದುತ್ತಲೂ ಇರುತ್ತದೆ. ಅದರೊಳಗಿನ ಲೆಕ್ಕಪಟ್ಟಿಯನ್ನು (ಮ್ಯಾಪ್) ಮುಟ್ಟದೆ ಬರೀ ಕೊಳವೆ ಬದಲಿಸಿದರೆ ಸಿಗುವುದು ಹೆಚ್ಚಾಗಿ ಸದ್ದು. ಸೆನ್ಸರಿಗೂ ಇಸಿಯುವಿಗೂ ನಡುವೆ ಕೂತು ಪೆಟ್ರೋಲು ಮತ್ತು ಕಿಡಿಯ ಸಮಯವನ್ನು ಬದಲಿಸುವ ಪವರ್‌ಟ್ರಾನಿಕ್ ಪೆಟ್ಟಿಗೆಗಳನ್ನು ತಯಾರಿಸುವುದು ಬೆಂಗಳೂರಿನದೇ ರೇಸ್ ಡೈನಾಮಿಕ್ಸ್ ಕಂಪನಿ.

ಡೈನೋ ಇಲ್ಲದವರು ಸ್ಟಾಪ್‌ವಾಚಿನಲ್ಲಿ ಅಳೆಯಬಹುದೇ? ಗಾಡಿ ಮತ್ತು ಸವಾರ ಸೇರಿ 225 ಕಿಲೋ ಎಂದಿಟ್ಟುಕೊಳ್ಳೋಣ. ಒಂದೇ ಗೇರಿನಲ್ಲಿ 40ರಿಂದ 80 ಕಿ.ಮೀ. ವೇಗಕ್ಕೆ 6 ಸೆಕೆಂಡಿನಲ್ಲಿ ಏರಿದರೆ, ಗಾಳಿಯ ತಡೆ ಬಿಟ್ಟು, ಸರಾಸರಿ 9.3 ಎಚ್‌ಪಿ. 5.7 ಸೆಕೆಂಡಾದರೆ 9.8. ಅಂದರೆ ಶೇ 5ರ ಲಾಭಕ್ಕೆ ಸಿಗುವುದು ಬರೀ 0.3 ಸೆಕೆಂಡು. ಗುಂಡಿ ಒತ್ತುವ ಬೆರಳು 0.2 ಸೆಕೆಂಡು ಆಚೀಚೆ ಆಗುವುದು ಮಾಮೂಲು. ಜಿಪಿಎಸ್ ಲಾಗರ್ ಇದ್ದರೆ, ಎರಡೂ ದಿಕ್ಕಿನಲ್ಲಿ ಹಲವು ಸಲ ಓಡಿಸಿ ಸರಾಸರಿ ತೆಗೆದರೆ ಒಂದಿಷ್ಟು ನಂಬಬಹುದು. ಅದೂ ಮುಚ್ಚಿದ ಟ್ರ್ಯಾಕಿನಲ್ಲಿ. ನವಿ ಮುಂಬಯಿಯ ಪಾಮ್ ಬೀಚ್ ರಸ್ತೆ ನೇರವಾಗಿದೆ ನಿಜ, ಆದರೆ ಅದು ಪ್ರಯೋಗಶಾಲೆಯಲ್ಲ.

ಕಾನೂನೂ ನಡುವೆ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಟ್ರ್ಯಾಕಿಗೆಂದೇ ಗಾಡಿ ಸಜ್ಜು ಮಾಡುವವರು ಒಂದು ಕೆಲಸ ಮೊದಲು ಮಾಡಲಿ. ಹೊಸ ಭಾಗ ಹಾಕಿಸುವ ಮುನ್ನ ಪೂರ್ತಿ ಸರ್ವಿಸ್ ಮಾಡಿಸಿ: ವಾಲ್ವ್ ಕ್ಲಿಯರೆನ್ಸ್, ಪ್ಲಗ್, ಏರ್ ಫಿಲ್ಟರ್, ಚೈನ್, ಉಜ್ಜುತ್ತಿರುವ ಬ್ರೇಕ್, ಟೈರಿನ ಗಾಳಿ. ಆ ಸ್ಥಿತಿಯಲ್ಲೇ ಡೈನೋದಲ್ಲಿ ಮೂರು ಸಲ ಓಡಿಸಿ ಶೀಟು ತೆಗೆದುಕೊಳ್ಳಿ. ಭಾಗ ಹಾಕಿಸಿದ ಮೇಲೆ ಅದೇ ದಿನ, ಅದೇ ಡೈನೋ, ಅದೇ ಗೇರು, ಅದೇ ಮಾನಕ. ಮೂರು ಓಟಗಳ ನಡುವಿನ ಏರಿಳಿತಕ್ಕಿಂತ ಲಾಭ ಚಿಕ್ಕದಾಗಿದ್ದರೆ ಹೊಸ ಭಾಗ ಏನಾದರೂ ಕೊಟ್ಟಿದೆ ಎನ್ನಲು ಆಧಾರವಿಲ್ಲ ಎಂದೇ ಅರ್ಥ; ಬಿಲ್ಲು ಕಟ್ಟುವ ಮೊದಲು ಈ ಮಾತನ್ನು ಮೆಕ್ಯಾನಿಕ್ಕಿಗೂ ಹೇಳಿಡಿ.