ಬಾನೆಟ್ ಮೇಲಿನ ಹೆಸರು ಹೇಳದ ಸಂಗತಿಗಳು

ಮಗ ಎಂ.ಎಸ್. ಓದಲು ಮಿಷಿಗನ್‌ಗೋ ಒಹಾಯೋಗೋ ಹೋಗಿರುತ್ತಾನೆ. ಹಿಮ ಬೀಳುವುದರೊಳಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಬೇಕು. ಷೆವರ್ಲೆ ಮಾಲಿಬೂ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ ಎಂದು ಊರಿಗೆ ಫೋನ್ ಮಾಡಿದರೆ, ದಾವಣಗೆರೆಯ ಅಪ್ಪನಿಂದ ನ್ಯೂಜೆರ್ಸಿಯ ಚಿಕ್ಕಪ್ಪನವರೆಗೆ ಎಲ್ಲರದೂ ಒಂದೇ ಮಾತು: “ಅಮೆರಿಕದ ಕಾರು ಬೇಡಪ್ಪ. ಪೆಟ್ರೋಲ್ ಕುಡಿಯುತ್ತೆ, ಪದೇಪದೇ ಕೆಡುತ್ತೆ, ಮಾರೋಕೆ ಹೋದರೆ ಕಾಸು ಹುಟ್ಟಲ್ಲ. ಜಪಾನಿಂದೇ ತಗೋ.” ಈ ಮಾತಿನಲ್ಲಿ ಕಾಳಜಿಯಿದೆ, ಒಂದಿಷ್ಟು ನಿಜವೂ ಇದೆ. ಆದರೆ ಅದರಲ್ಲಿ ಮೂವತ್ತು ವರ್ಷದ ಹಿಂದಿನ ನೆನಪೇ ಹೆಚ್ಚು. ಹಳೆಯ ನೆನಪಿನ ಮೇಲೆ ಹತ್ತು ಸಾವಿರ ಡಾಲರ್ ಸುರಿಯುವುದು ಸರಿಯಲ್ಲ.

ಮೊದಲಿಗೆ, ‘ಅಮೆರಿಕದ ಕಾರು’ ಎಂದರೆ ಯಾವುದು? ಫೋರ್ಡ್ ಫ್ಯೂಷನ್ ಅಪ್ಪಟ ಅಮೆರಿಕದ್ದು, ಟೊಯೊಟಾ ಕ್ಯಾಮ್ರಿ ಜಪಾನಿನದು ಎಂದು ನಾವು ನಂಬಿದ್ದೇವೆ. ಫ್ಯೂಷನ್ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮೆಕ್ಸಿಕೋದ ಎರ್ಮೊಸಿಯೋ ನಗರದಲ್ಲಿ. ಕ್ಯಾಮ್ರಿ 1988ರಿಂದ ಅಮೆರಿಕದ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ ತಯಾರಾಗುತ್ತಿದೆ. ಹೋಂಡಾ ಅಕಾರ್ಡ್ ಅದಕ್ಕೂ ಮೊದಲು, 1982ರಲ್ಲೇ, ಒಹಾಯೋದ ಮೇರಿಸ್‌ವಿಲ್‌ಗೆ ಬಂದಿತ್ತು. ಅನುಮಾನವಿದ್ದರೆ ಹದಿನೇಳು ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ನೋಡಿ. ಅದು 1, 4 ಅಥವಾ 5ರಿಂದ ಶುರುವಾದರೆ ಕಾರು ಅಮೆರಿಕದಲ್ಲಿ ತಯಾರಾದದ್ದು, 2 ಕೆನಡಾ, 3 ಮೆಕ್ಸಿಕೋ, ಜೆ ಇದ್ದರೆ ಜಪಾನ್. ನಮ್ಮಲ್ಲಿ ತಯಾರಾದವು ಎಂ ಅಕ್ಷರದಿಂದ ಶುರುವಾಗುತ್ತವೆ. ಇದೇ ಕ್ಯಾಮ್ರಿಯ ಹೈಬ್ರಿಡ್ ಅನ್ನು ನಮ್ಮ ಬಿಡದಿಯಲ್ಲಿ 2013ರಿಂದ ಜೋಡಿಸತೊಡಗಿದರು. ಬಿಡದಿಯಲ್ಲಿ ಜೋಡಿಸಿದ ಕಾರನ್ನು ‘ಜಪಾನ್ ಗಾಡಿ’ ಎಂದು ನೆಚ್ಚಿಕೊಂಡು, ಕನ್ಸಾಸ್‌ನಲ್ಲಿ ಜೋಡಿಸಿದ ಮಾಲಿಬೂವನ್ನು ‘ಅಮೆರಿಕದ್ದು’ ಎಂದು ದೂರವಿಡುವುದರಲ್ಲಿ ಹುರುಳಿಲ್ಲ.

ಪೆಟ್ರೋಲ್ ಕುಡಿಯುವ ಮಾತಿಗೆ ಬರೋಣ. 2016ರ ಮಾಲಿಬೂ, 1.5 ಲೀಟರ್ ಟರ್ಬೊ ಎಂಜಿನ್ನಿನದು, ಸರಕಾರಿ ಅಳತೆಯಂತೆ ಪೇಟೆಯಲ್ಲಿ ಗ್ಯಾಲನ್‌ಗೆ 27 ಮೈಲಿ, ಹೆದ್ದಾರಿಯಲ್ಲಿ 37 ಮೈಲಿ. ನಮ್ಮ ಲೆಕ್ಕದಲ್ಲಿ ಲೀಟರಿಗೆ 11.5 ಮತ್ತು 15.7 ಕಿ.ಮೀ. ಅದೇ ವರ್ಷದ ನಾಲ್ಕು ಸಿಲಿಂಡರಿನ ಕ್ಯಾಮ್ರಿಯ ಸ್ಟಿಕ್ಕರ್ ಮೇಲಿದ್ದದ್ದು 25 ಮತ್ತು 35. ಅಂದರೆ ಮಾಲಿಬೂವೇ ಒಂದು ಕೈ ಮೇಲು. ಹಿಂದಿನ ಮಾಲಿಬೂಗಿಂತ ಸುಮಾರು 135 ಕಿಲೋ ತೂಕ ಇಳಿಸಿದ್ದರ ಫಲವದು. ಆದರೆ ಒಂದು ಎಚ್ಚರಿಕೆ: ಸಣ್ಣ ಟರ್ಬೊ ಎಂಜಿನ್‌ಗಳನ್ನು ಸದಾ ಒತ್ತಿ ಓಡಿಸಿದರೆ ಸ್ಟಿಕ್ಕರ್ ಮೇಲಿನ ಮೈಲೇಜ್ ಸಿಗುವುದಿಲ್ಲ.

‘ಹಳೇ ವಿ-8 ಗಾಡಿಗಳ ತಾಕತ್ತು ಈಗಿನ ಪುಟ್ಟ ಎಂಜಿನ್‌ಗಳಿಗೆಲ್ಲಿ?’ ಎಂಬ ಇನ್ನೊಂದು ನಂಬಿಕೆಯಿದೆ. ಇದರ ಹಿಂದಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1971ರಲ್ಲಿ ಷೆವೆಲ್ ಮಾಲಿಬೂ ಕಾರಿನ 5.7 ಲೀಟರ್ ವಿ-8 ಎಂಜಿನ್ನಿಗೆ 245 ಅಶ್ವಶಕ್ತಿ ಎಂದು ಹೇಳುತ್ತಿದ್ದರು. ಮರುವರ್ಷ ಅದೇ ಎಂಜಿನ್ನಿಗೆ 165 ಎಂದರು. ಎಂಜಿನ್ ಬಡವಾಗಿರಲಿಲ್ಲ, ಅಳೆಯುವ ಕ್ರಮ ಬದಲಾಗಿತ್ತು. ಅದುವರೆಗೆ ಎಂಜಿನ್ನನ್ನು ಪರೀಕ್ಷೆಯ ಮೇಜಿನ ಮೇಲೆ ಬೋಳಾಗಿ ನಿಲ್ಲಿಸಿ ಅಳೆಯುತ್ತಿದ್ದರು. ಅದಕ್ಕೆ ಫ್ಯಾನಿನ ಭಾರವಿಲ್ಲ, ಆಲ್ಟರ್ನೇಟರಿನ ಎಳೆತವಿಲ್ಲ, ಕಾರಿನ ಸೈಲೆನ್ಸರ್ ಇಲ್ಲ. 1972ರಿಂದ ಇವೆಲ್ಲವನ್ನೂ ಜೋಡಿಸಿ, ಕಾರಿನೊಳಗೆ ಇರುವಂತೆಯೇ ಅಳೆಯುವುದು ರೂಢಿಗೆ ಬಂತು. ಈಗ 2016ರ ಮಾಲಿಬೂ ನೋಡಿ: ಒಂದೂವರೆ ಲೀಟರ್, ನಾಲ್ಕೇ ಸಿಲಿಂಡರ್, ಸುಮಾರು 160 ಅಶ್ವಶಕ್ತಿ. ಸುಮಾರು ನಾಲ್ಕು ಪಟ್ಟು ದೊಡ್ಡದಾದ ಆ ಹಳೆಯ ಎಂಜಿನ್ನಿನ ಹೆಗಲಿಗೆ ಹೆಗಲು! ಇದನ್ನು ಸಾಧಿಸಿದ ಎಂಜಿನಿಯರ್‌ಗಳ ಶ್ರಮಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ.

ಆದರೂ ಅಶ್ವಶಕ್ತಿಯ ಅಂಕಿಯೊಂದನ್ನೇ ಹಿಡಿದು ಪಿಕಪ್ ಅಳೆಯಲು ಬರುವುದಿಲ್ಲ. ಸಿಗ್ನಲ್‌ನಿಂದ ಹೊರಡುವಾಗ, ಹೆದ್ದಾರಿಗೆ ಸೇರುವಾಗ ಕೆಲಸಕ್ಕೆ ಬರುವುದು ಕಡಿಮೆ ವೇಗದಲ್ಲೇ ಎಂಜಿನ್ ಕೊಡುವ ಎಳೆತ, ಅಂದರೆ ಟಾರ್ಕ್. ಟರ್ಬೊ ಗೆಲ್ಲುವುದು ಅಲ್ಲೇ. ಇನ್ನು ಒಂದೇ ಹೆಸರಿನ ಕಾರಿನೊಳಗೆ ಎಷ್ಟು ಬೇರೆ ಬೇರೆ ಕಾರುಗಳಿವೆ ನೋಡಿ: ಮಾಲಿಬೂವಿನ 2 ಲೀಟರ್ ಟರ್ಬೊಗೆ 250 ಅಶ್ವಶಕ್ತಿ. 2017ರಲ್ಲಿ ಬಂದ ಫ್ಯೂಷನ್ ಸ್ಪೋರ್ಟ್‌ಗೆ 2.7 ಲೀಟರ್ ವಿ-6, ಬರೋಬ್ಬರಿ 325 ಅಶ್ವಶಕ್ತಿ. ‘ಫ್ಯೂಷನ್ ಓಡುತ್ತಾ?’ ಎಂದು ಕೇಳಿದರೆ ಉತ್ತರವಿಲ್ಲ. ಯಾವ ಎಂಜಿನ್ನಿನ ಫ್ಯೂಷನ್ ಎಂದು ಕೇಳಬೇಕು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ರೀಸೇಲ್‌ನದು. ಡೆಟ್ರಾಯಿಟ್ ಸೆಡಾನ್‌ಗಳ ಬೆಲೆ ಬೇಗ ಇಳಿಯುತ್ತದೆ ಎಂಬುದು ನಿಜ. ಆದರೆ ಇಳಿದ ಬೆಲೆಯನ್ನು ಇಳಿದ ಗುಣಮಟ್ಟವೆಂದು ಓದುವುದು ತಪ್ಪು. ಈ ಕಾರುಗಳನ್ನು ಬಾಡಿಗೆ ಕಾರು ಕಂಪನಿಗಳು ಸಗಟಾಗಿ ಕೊಳ್ಳುತ್ತಿದ್ದವು. ಒಂದೆರಡು ವರ್ಷ ಓಡಿಸಿ ಎಲ್ಲವನ್ನೂ ಒಟ್ಟಿಗೆ ಹರಾಜಿಗೆ ಬಿಡುತ್ತಿದ್ದವು. ಮಾರುಕಟ್ಟೆಗೆ ಟೊಮೆಟೊ ಲಾರಿಗಟ್ಟಲೆ ಬಂದ ದಿನ ಬೆಲೆ ಬೀಳುತ್ತದೆ. ಹಣ್ಣು ಕೆಟ್ಟಿದ್ದಕ್ಕಲ್ಲ.

ನಷ್ಟ ಯಾರದು ಎಂಬುದನ್ನೂ ನೋಡಬೇಕು. ಉದಾಹರಣೆಗಷ್ಟೇ ಒಂದು ಲೆಕ್ಕ ಹಾಕೋಣ. ಒಂದು ಕಾರನ್ನು 14,000 ಡಾಲರ್‌ಗೆ ಕೊಂಡು ನಾಲ್ಕು ವರ್ಷದ ಮೇಲೆ 8,000ಕ್ಕೆ ಮಾರಿದಿರಿ. ಇನ್ನೊಂದನ್ನು 10,000ಕ್ಕೆ ಕೊಂಡು 5,000ಕ್ಕೆ ಮಾರಿದಿರಿ. ಎರಡನೆಯದು ‘ಅರ್ಧ ಬೆಲೆ ಕಳೆದುಕೊಂಡ’ ಕಾರು. ಆದರೂ ನಿಮ್ಮ ಜೇಬಿನಿಂದ ಹೋದದ್ದು ಐದು ಸಾವಿರ, ಮೊದಲನೆಯದರಲ್ಲಿ ಆರು. ಹೊಸ ಕಾರು ಕೊಂಡು ಮೂರೇ ವರ್ಷಕ್ಕೆ ಮಾರುವವರಿಗೆ ಚಿಕ್ಕಪ್ಪನ ಮಾತು ಸರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವ ವಿದ್ಯಾರ್ಥಿಗೆ ಅದೇ ಮಾತು ತಿರುಗಿ ಬೀಳುತ್ತದೆ, ಏಕೆಂದರೆ ಮೊದಲ ಮಾಲೀಕ ಕಳೆದುಕೊಂಡದ್ದೇ ಇವನ ಉಳಿತಾಯ.

ಕೆಡುವ ವಿಷಯದಲ್ಲಿ ಯಾವ ದೇಶಕ್ಕೂ ಪ್ರಮಾಣಪತ್ರ ಕೊಡಲಾಗದು. ಫ್ಯೂಷನ್ನಿನ 1.5 ಲೀಟರ್ ಟರ್ಬೊದಲ್ಲಿ ಕೂಲೆಂಟ್ ಸಿಲಿಂಡರಿಗೆ ಸೋರುವ ದೋಷ ಕಾಣಿಸಿತು. ಅದು ಸಣ್ಣ ದೋಷವಲ್ಲ. ಹಾಗೆಯೇ 2007ರಿಂದ 2009ರ ಕ್ಯಾಮ್ರಿಗಳ 2.4 ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿತ್ತು. ನಿಸ್ಸಾನ್ ಆಲ್ಟಿಮಾದ 2013ರ ನಂತರದ ಸಿವಿಟಿ ಗೇರ್‌ಬಾಕ್ಸ್‌ಗಳ ವಾರಂಟಿಯನ್ನು ಕಂಪನಿ ಹಿಗ್ಗಿಸಬೇಕಾಯಿತು. ಮಾಲಿಬೂವಿನಲ್ಲೇ 2013ರ ಮಾದರಿಯ ಹಿಂದಿನ ಸೀಟು ಇಕ್ಕಟ್ಟು, ಮಂಡಿ ಮುಂದಿನ ಸೀಟಿಗೆ ತಾಕುತ್ತಿತ್ತು. 2016ಕ್ಕೆ ಚಕ್ರಗಳ ನಡುವಿನ ಅಂತರವನ್ನು 9 ಸೆಂ.ಮೀ. ಹೆಚ್ಚಿಸಿ ಅದನ್ನು ಸರಿಪಡಿಸಿದರು. ಸುರಕ್ಷತೆಯಲ್ಲೂ ಇದೇ ಕಥೆ. ಕಾರಿನ ಮುಂಭಾಗದ ಒಂದು ಅಂಚು ಮಾತ್ರ ಗುದ್ದುವ ಕಠಿಣ ಪರೀಕ್ಷೆಯನ್ನು ಅಮೆರಿಕದ ವಿಮಾ ಸಂಸ್ಥೆಗಳ ಕೂಟ 2012ರಲ್ಲಿ ತಂದಾಗ ಅಕಾರ್ಡ್ ಉತ್ತಮವೆನಿಸಿತು, ಫ್ಯೂಷನ್ ಪರವಾಗಿಲ್ಲ ಎನ್ನಿಸಿಕೊಂಡಿತು, ಕ್ಯಾಮ್ರಿ ಕೊನೆಯ ದರ್ಜೆಗೆ ಇಳಿಯಿತು.

ಫ್ಯೂಷನ್ 2020ರಲ್ಲಿ ನಿಂತಿತು. ಕೊನೆಯ ಮಾಲಿಬೂಗಳು 2024ರ ನವೆಂಬರ್‌ನಲ್ಲಿ ಕನ್ಸಾಸ್‌ನ ಫೇರ್‌ಫ್ಯಾಕ್ಸ್ ಕಾರ್ಖಾನೆಯಿಂದ ಹೊರಬಂದವು. ಇನ್ನು ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಆದ್ದರಿಂದ ಮಗ ಫೋನ್ ಮಾಡಿದಾಗ ಯಾವ ದೇಶದ ಕಾರು ಎಂದು ಕೇಳಬೇಡಿ. ಯಾವ ವರ್ಷದ್ದು, ಯಾವ ಎಂಜಿನ್, ಆಯಿಲ್ ಬದಲಿಸಿದ ರಸೀದಿಗಳಿವೆಯೇ, ಹೊರಗಿನ ಮೆಕ್ಯಾನಿಕ್‌ಗೆ ತೋರಿಸಿದ್ದೀಯಾ ಎಂದು ಕೇಳಿ. ಚಾಸಿಸ್ ನಂಬರ್ ತರಿಸಿಕೊಂಡು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿ. ಬಾಕಿ ಉಳಿದಿರುವ ರೀಕಾಲ್‌ಗಳು ಅಲ್ಲಿ ಕಾಣುತ್ತವೆ. ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ದಾವಣಗೆರೆಯಲ್ಲಿ ಕೂತೇ ನೋಡಬಹುದು.