ಬಂದು ಹೋಗುವ ನರರೋಗ: ಮಲ್ಟಿಪಲ್ ಸ್ಕ್ಲಿರೋಸಿಸ್

ಬೇನೆ ಬಂದಾಗ ವೈದ್ಯರನ್ನು ಹುಡುಕುವುದೂ ಅದು ಹೋದೊಡನೆ ಮರೆಯುವುದೂ ಮನುಷ್ಯಸ್ವಭಾವ. ನೆಗಡಿ, ಕೆಮ್ಮುಗಳ ಮಟ್ಟಿಗೆ ಈ ಮರೆವಿನಿಂದ ಕೇಡೇನೂ ಇಲ್ಲ. ಆದರೆ ತಾನಾಗಿ ಬಂದು, ತಾನಾಗಿಯೇ ಸರಿದು, ರೋಗಿಯನ್ನೂ ಮನೆಯವರನ್ನೂ ನಂಬಿಸಿ ಮೋಸಗೊಳಿಸುವ ರೋಗವೊಂದುಂಟು. ಅದೇ ಮಲ್ಟಿಪಲ್ ಸ್ಕ್ಲಿರೋಸಿಸ್.

ಇದರ ಮೊದಲ ಆಘಾತ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಆಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆಲವರಿಗೆ ಒಂದು ಕಣ್ಣು ನೋಯತೊಡಗಿ, ಎರಡು ಮೂರು ದಿನಗಳಲ್ಲಿ ದೃಷ್ಟಿ ಮಂಜಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕಡುಗೆಂಪು ಕೂಡ ಆ ಕಣ್ಣಿಗೆ ಮಾಸಲಾಗಿ ತೋರುತ್ತದೆ. ಕೆಲವರಿಗೆ ಪಾದದಲ್ಲಿ ಹಿಡಿದ ಜೋಮು ಸೊಂಟದವರೆಗೆ ಏರುತ್ತದೆ. ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವವರಿಗೆ ಇದು ಬಂದರೆ, ಬೆರಳಿಗೆ ಕಾಯಿಯ ಸ್ಪರ್ಶವೇ ತಿಳಿಯದೆ ಹೋಗಬಹುದು. ಕೆಲವು ವಾರಗಳು ಕಳೆದರೆ ಇವೆಲ್ಲ ಬಹುಮಟ್ಟಿಗೆ ಇಳಿಯುತ್ತವೆ. ಆಗ ಕೀರ್ತಿ ಕೊನೆಯಲ್ಲಿ ಸೇವಿಸಿದ ಔಷಧಕ್ಕೋ, ಕಟ್ಟಿಸಿಕೊಂಡ ತಾಯಿತಕ್ಕೋ ಸಲ್ಲುತ್ತದೆ.

ನಿಜವಾಗಿ ಒಳಗೆ ನಡೆದುದೇನು? ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಪೊರೆ ಇದೆ. ಅದಿದ್ದರೆ ಮಾತ್ರ ಸಂದೇಶಗಳು ವೇಗವಾಗಿ ಹರಿಯಬಲ್ಲವು. ಈ ರೋಗದಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾಕಣಗಳೇ ದಾರಿ ತಪ್ಪಿ, ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಅಲ್ಲಲ್ಲಿ ಆ ಪೊರೆಯನ್ನು ಕೆಡಿಸುತ್ತವೆ. ಗಾಯವಾದೆಡೆ ಮುಂದೆ ಗಡುಸಾದ ಕಲೆ ಉಳಿಯುತ್ತದೆ. ಇಂತಹ ಕಲೆಗಳನ್ನು ಕಂಡು, 1868ರಲ್ಲಿ ಪ್ಯಾರಿಸಿನ ಷಾರ್ಕೋ ಎಂಬ ವೈದ್ಯನು ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು.

ಚೇತರಿಕೆಗೆ ಮೂರು ಕಾರಣಗಳಿವೆ. ಮೊದಲನೆಯದಾಗಿ ಊತ ಇಳಿಯುತ್ತದೆ. ಎರಡನೆಯದಾಗಿ ಕೆಟ್ಟ ಪೊರೆ ಸ್ವಲ್ಪಮಟ್ಟಿಗೆ ಮತ್ತೆ ಬೆಳೆಯುತ್ತದೆ. ಮೂರನೆಯದಾಗಿ, ಸೇತುವೆ ಕುಸಿದಾಗ ಬಂಡಿಗಳು ಬಳಸುದಾರಿ ಹಿಡಿಯುವಂತೆ, ಮಿದುಳು ಬೇರೆ ನರಮಾರ್ಗಗಳಿಂದ ಕೆಲಸ ಸಾಗಿಸುತ್ತದೆ. ರೋಗವೇ ಹೋಯಿತೆಂಬ ಅರ್ಥ ಈ ಮೂರರಲ್ಲಿ ಯಾವುದಕ್ಕೂ ಇಲ್ಲ.

ಇದನ್ನು ತೋರಿಸಿಕೊಟ್ಟ ದೊಡ್ಡ ಅಧ್ಯಯನವೊಂದು ಅಮೆರಿಕದಲ್ಲಿ ನಡೆಯಿತು. ಕಣ್ಣಿನ ನರಕ್ಕೆ ಆಘಾತವಾದ 457 ರೋಗಿಗಳನ್ನು ಅಲ್ಲಿ ಪರೀಕ್ಷಿಸಿದರು. 1992ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರಕ್ತನಾಳದ ಮೂಲಕ ಕೊಟ್ಟ ಸ್ಟಿರಾಯ್ಡ್ ದೃಷ್ಟಿಯನ್ನು ಬೇಗ ಮರಳಿಸಿತು. ಆದರೆ ಕೊನೆಗೆ ಉಳಿದ ದೃಷ್ಟಿಯಲ್ಲಿ ಹೆಚ್ಚಿನ ಅಂತರವಾಗಲಿಲ್ಲ. ಸಾಮಾನ್ಯ ಪ್ರಮಾಣದ ಮಾತ್ರೆಗಳನ್ನಷ್ಟೆ ನುಂಗಿದವರಲ್ಲಿ ಕಣ್ಣಿನ ಬೇನೆ ಮರುಕಳಿಸುವುದು ಹೆಚ್ಚಾಯಿತು. ಹದಿನೈದು ವರ್ಷಗಳ ಬಳಿಕ ನೋಡಿದರೆ, ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಸ್ಥಿರಪಟ್ಟಿತ್ತು. ಮೊದಲ ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನಲ್ಲಿ ಒಂದು ಕಲೆಯೂ ಇಲ್ಲದವರಲ್ಲಿ ಇದು ನೂರಕ್ಕೆ 25. ಒಂದಾದರೂ ಇದ್ದವರಲ್ಲಿ ನೂರಕ್ಕೆ 72. ಮುಂದಿನ ದಾರಿಯ ಸುಳಿವು, ದೃಷ್ಟಿ ಎಷ್ಟು ಮರಳಿತೆಂಬುದಕ್ಕಿಂತ, ಆ ಚಿತ್ರದಲ್ಲಿ ಹೆಚ್ಚಾಗಿರುತ್ತದೆ.

ಈ ರೋಗದ ಬಗೆಗಳನ್ನು ಈಗ ಹೀಗೆ ಎಣಿಸುತ್ತಾರೆ. ಒಂದೇ ಆಘಾತವಾಗಿ, ರೋಗವೆಂದು ನಿರ್ಣಯಿಸುವಷ್ಟು ಸಾಕ್ಷ್ಯ ದೊರೆಯದ ಸ್ಥಿತಿ ಮೊದಲನೆಯದು. ಎರಡನೆಯದು ಬಂದು ಹೋಗುವ ಬಗೆ. ನೂರಕ್ಕೆ ಸುಮಾರು 85 ರೋಗಿಗಳಲ್ಲಿ ರೋಗ ಹೀಗೆಯೇ ಆರಂಭವಾಗುತ್ತದೆ. ಇವರಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಆಘಾತಗಳು ವಿರಳವಾಗಿ, ನಡಿಗೆ ಮಾತ್ರ ಮೆಲ್ಲಮೆಲ್ಲನೆ ಕುಂದುತ್ತ ಹೋಗುತ್ತದೆ. ಇದು ಮೂರನೆಯ ಬಗೆ. ಆರಂಭದಿಂದಲೇ ಬಿಡುವಿಲ್ಲದೆ ಏರುತ್ತ ಹೋಗುವುದು ನಾಲ್ಕನೆಯದು.

ಇವುಗಳ ಪಕ್ಕದಲ್ಲಿ ವೇಷ ಹೋಲುವ ಇನ್ನೊಂದು ರೋಗ ನಿಂತಿದೆ. ಅದರ ಹೆಸರು ನ್ಯೂರೋಮಯಲೈಟಿಸ್ ಆಪ್ಟಿಕಾ. ಇದನ್ನು ಗುರುತಿಸುವ ರಕ್ತಪರೀಕ್ಷೆಗೆ ದಾರಿಯಾದ ಪ್ರತಿಕಾಯವು ಪತ್ತೆಯಾದುದು 2004ರಲ್ಲಿ. ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಕೊಡುವ ಇಂಟರ್‌ಫೆರಾನ್ ಮೊದಲಾದ ಕೆಲವು ಔಷಧಗಳು ಈ ರೋಗವನ್ನು ಕೆರಳಿಸಬಲ್ಲವಾದುದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯುವುದು ಅತ್ಯಗತ್ಯ.

ಇದು ಶೀತದೇಶದವರ ರೋಗ, ನಮಗೇಕೆ ಎಂದು ಓದುಗರು ಕೇಳಬಹುದು. ನಮ್ಮಲ್ಲಿ ಇದು ವಿರಳವೆಂಬುದು ನಿಜ, ಇಲ್ಲವೆಂಬುದು ಸುಳ್ಳು. ವೈದ್ಯೆ ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಲಕ್ಷಕ್ಕೆ ಸುಮಾರು ಎಂಟು ಮಂದಿ ಈ ರೋಗಿಗಳು ಕಂಡುಬಂದರು. ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನರಿದ್ದರು. ಅದೇ ಪ್ರಮಾಣ ಇಲ್ಲಿಯೂ ಇದ್ದುದಾದರೆ, ರೋಗಿಗಳು ನೂರಕ್ಕೂ ಮಿಕ್ಕಿರಬೇಕು. ಅವರಲ್ಲಿ ಎಷ್ಟು ಮಂದಿ ತಮ್ಮ ರೋಗದ ಹೆಸರನ್ನು ಕೇಳಿದ್ದಾರು?

ನಮ್ಮ ಸೀಮೆಯ ಬಿಸಿಲು ಇನ್ನೊಂದು ಗೊಂದಲವನ್ನು ತರುತ್ತದೆ. ಮೈ ಕಾವೇರಿದಾಗ, ಪೊರೆ ಕಳೆದುಕೊಂಡ ನರದಲ್ಲಿ ಸಂದೇಶ ಸಾಗುವುದು ಇನ್ನೂ ಕಷ್ಟವಾಗುತ್ತದೆ. ಶ್ರಮದಿಂದ ದೃಷ್ಟಿ ತಾತ್ಕಾಲಿಕವಾಗಿ ಮಸುಕಾಗುವುದನ್ನು ಜರ್ಮನಿಯ ಊಟ್‌ಹೋಫ್ 1890ರಲ್ಲಿಯೇ ಬರೆದಿಟ್ಟಿದ್ದನು. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡುವಾಗಲೋ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವಾಗಲೋ ಹಳೆಯ ಜೋಮು ಮರಳಿ, ನೆರಳಿನಲ್ಲಿ ಕುಳಿತು ಮೈ ತಣ್ಣಗಾದೊಡನೆ ಇಳಿದರೆ ಅದು ಹೊಸ ಆಘಾತವಲ್ಲ. ಜ್ವರವಾಗಲಿ ಸೋಂಕಾಗಲಿ ಇಲ್ಲದೆ, ಒಂದು ದಿನಕ್ಕೂ ಮಿಕ್ಕಿ ನಿಲ್ಲುವ ಹೊಸ ಲಕ್ಷಣವನ್ನು ಮಾತ್ರ ಹೊಸ ಆಘಾತವೆಂದು ಶಂಕಿಸಬೇಕು.

ರೋಗವನ್ನು ಬೇರುಸಹಿತ ಕೀಳುವ ಔಷಧ ಇಂದಿಗೂ ಇಲ್ಲ. ಆದರೆ ಆಘಾತಗಳನ್ನು ತಗ್ಗಿಸುವ ಔಷಧಗಳುಂಟು. ಮೊದಲನೆಯದಾದ ಇಂಟರ್‌ಫೆರಾನ್ 1993ರಲ್ಲಿ ಬಳಕೆಗೆ ಬಂತು. ಅನಂತರ ಹೆಚ್ಚು ಪ್ರಬಲವಾದವು ಬಂದಿವೆ. ಇವು ಆಗಿಹೋದ ನಷ್ಟವನ್ನು ತುಂಬಲಾರವು, ಆಗಲಿರುವುದನ್ನು ತಡೆಯಬಲ್ಲವು. ಆದಕಾರಣ ಇವುಗಳ ಪ್ರಯೋಜನ ಬೇಗ ಆರಂಭಿಸಿದಷ್ಟೂ ಹೆಚ್ಚು. 2017ರಲ್ಲಿ ಪರಿಷ್ಕೃತವಾದ ನಿರ್ಣಯ ಸೂತ್ರಗಳಿಂದ, ಎಂ.ಆರ್.ಐ. ಮತ್ತು ಬೆನ್ನುಹುರಿಯ ದ್ರವದ ಪರೀಕ್ಷೆಯ ನೆರವಿನಿಂದ, ಎಷ್ಟೋ ವೇಳೆ ಎರಡನೆಯ ಆಘಾತಕ್ಕೆ ಕಾಯದೆಯೇ ರೋಗವನ್ನು ನಿರ್ಣಯಿಸಬಹುದಾಗಿದೆ.

ರಾಣೆಬೆನ್ನೂರಿನವರು ದಾವಣಗೆರೆಗೋ, ಹಾವೇರಿಯವರು ಹುಬ್ಬಳ್ಳಿಗೋ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಲು ಒಂದೆರಡು ದಿನದ ಕೂಲಿ ಬಿಡಬೇಕಾದೀತು. ಬೇನೆ ಇಳಿದ ಮೇಲೆ ಈ ಖರ್ಚು ದಂಡವೆನಿಸುವುದು ಸಹಜ. ಆದರೆ ಹೋಗಬೇಕಾದುದು ಆಗಲೇ. ಮೊದಲ ಚಿತ್ರಗಳನ್ನೂ ಚೀಟಿಗಳನ್ನೂ ಎಸೆಯದೆ ಒಂದು ಚೀಲದಲ್ಲಿ ಇಟ್ಟಿರಬೇಕು. ಮುಂದೆ ಹೋಲಿಸಿ ನೋಡಲು ವೈದ್ಯರಿಗೆ ಅವೇ ಆಧಾರ. ಅಂಗವೈಕಲ್ಯ ಉಳಿದವರಿಗಾಗಿ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಈ ರೋಗವನ್ನು ತನ್ನ ಪಟ್ಟಿಯಲ್ಲಿ ಸೇರಿಸಿದೆಯೆಂಬುದನ್ನೂ ತಿಳಿದಿರುವುದು ಒಳ್ಳೆಯದು.

ಕಣ್ಣು ಮತ್ತೆ ಕಂಡಿತೆಂದು ಸಂತೋಷಪಡೋಣ. ಆ ಕಣ್ಣು ಮುಂದೆಯೂ ಕಾಣುತ್ತಿರಬೇಕಾದರೆ, ಅದು ಏಕೆ ಮಂಜಾಯಿತೆಂಬುದನ್ನು ಕೇಳಿ ತಿಳಿಯದೆ ಬಿಡಬಾರದು.