ಸೋಡಾದಲ್ಲಿ ಹೊಳೆಯುವ ಹಣ್ಣು: ಮನೆಯಲ್ಲೇ ಜಾಹೀರಾತಿನಂಥ ಫೋಟೋ ತೆಗೆಯುವುದು ಹೇಗೆ?

ತಂಪು ಪಾನೀಯದ ಜಾಹೀರಾತುಗಳಲ್ಲಿ ನಿಂಬೆ ಹೋಳಿನ ಸುತ್ತ ಮುತ್ತು ಪೋಣಿಸಿದಂತೆ ಗುಳ್ಳೆಗಳು ಕಾಣುತ್ತವೆ. ಹೋಳು ತಾನೇ ದೀಪವಾದಂತೆ ಒಳಗಿನಿಂದ ಬೆಳಗುತ್ತದೆ. ಇದಕ್ಕೆ ದೊಡ್ಡ ಸ್ಟುಡಿಯೋ ಬೇಕಿಲ್ಲ. ಒಂದು ಕ್ಯಾಮೆರಾ, ಒಂದು ಫ್ಲ್ಯಾಶ್, ಒಂದು ಬಾಟಲಿ ಸೋಡಾ ಇದ್ದರೆ ಅಡುಗೆಮನೆಯ ಕಟ್ಟೆಯ ಮೇಲೆಯೇ ತೆಗೆಯಬಹುದು. ಗುಟ್ಟು ಇರುವುದು ಬೆಳಕು ಎಲ್ಲಿಂದ ಬರುತ್ತದೆ ಎಂಬುದರಲ್ಲಿ.

ಬೆಳಕು ಹಿಂದಿನಿಂದಲೇ ಏಕೆ?

ಮುಂದಿನಿಂದ ಫ್ಲ್ಯಾಶ್ ಹೊಡೆದರೆ ಗಾಜು ಪ್ರತಿಫಲಿಸುತ್ತದೆ, ಹಣ್ಣು ಸಪ್ಪೆಯಾಗಿ ಕಾಣುತ್ತದೆ. ಬೆಳಕು ಹಿಂದಿನಿಂದ ಬಂದರೆ ತೆಳುವಾದ ಹೋಳಿನ ಮೂಲಕ ಹಾದು ಬರುತ್ತದೆ. ಆಗ ತೊಳೆ, ನಾರು, ಬೀಜ ಎಲ್ಲವೂ ಸ್ಪಷ್ಟ. ಗುಳ್ಳೆಯ ಅಂಚಿನಲ್ಲಿ ಬೆಳಕು ಬಾಗುವುದರಿಂದ ಪ್ರತಿ ಗುಳ್ಳೆಗೂ ಕಪ್ಪು ಅಂಚು ಮತ್ತು ಹೊಳೆಯುವ ನಡುಭಾಗ ಸಿಗುತ್ತದೆ.

ಸಿದ್ಧತೆ ಹೀಗಿರಲಿ

* ದುಂಡು ಲೋಟ ಬೇಡ, ಅದು ಮಸೂರದಂತೆ ಕೆಲಸ ಮಾಡಿ ಹಣ್ಣಿನ ಆಕಾರ ಕೆಡಿಸುತ್ತದೆ. ಚಪ್ಪಟೆ ಬದಿಗಳ ಗಾಜಿನ ಪಾತ್ರೆ ಅಥವಾ ಪುಟ್ಟ ಮೀನಿನ ತೊಟ್ಟಿ ಒಳ್ಳೆಯದು.
* ಪಾತ್ರೆಯ ಹಿಂದೆ ಬಟರ್ ಪೇಪರ್ ಅಥವಾ ಬಿಳಿ ಅಕ್ರಿಲಿಕ್ ಹಾಳೆ ನಿಲ್ಲಿಸಿ. ಅದರ ಹಿಂದೆ ಒಂದೆರಡು ಅಡಿ ದೂರದಲ್ಲಿ ಫ್ಲ್ಯಾಶ್ ಇಡಿ. ಅದನ್ನು ಕ್ಯಾಮೆರಾದಿಂದ ಹಚ್ಚಲು ವೈರ್‌ಲೆಸ್ ಟ್ರಿಗರ್ ಬೇಕು.
* ನಿಂಬೆ, ಕಿತ್ತಳೆ, ಮೋಸಂಬಿ, ಕಿವಿ ಹಣ್ಣುಗಳನ್ನು 3ರಿಂದ 5 ಮಿಲಿಮೀಟರ್ ದಪ್ಪಕ್ಕೆ ಒಂದೇ ಸಮನಾಗಿ ಹೆಚ್ಚಿ. ದಪ್ಪಗಿದ್ದರೆ ಬೆಳಕು ಹಾಯುವುದಿಲ್ಲ.
* ಹೋಳು ತೇಲಿ ಹೋಗುತ್ತಿದ್ದರೆ ಹಿಂಬದಿಯಿಂದ ತೆಳು ತಂತಿ ಚುಚ್ಚಿ ಹಿಡಿಸಿ. ಹೋಳು ಎರಡೂ ಗಾಜಿಗೆ ತಾಗುವಷ್ಟು ಕಿರಿದಾದ ಪಾತ್ರೆಯಾದರೆ ತಂತಿಯೂ ಬೇಡ.

ಕ್ಯಾಮೆರಾ ಸೆಟ್ಟಿಂಗ್

ಮ್ಯಾನುಯಲ್ ಮೋಡ್‌ನಲ್ಲಿ ಐಎಸ್‌ಒ 100, ಎಫ್/8ರಿಂದ ಎಫ್/11, ಶಟರ್ 1/200 ಸೆಕೆಂಡ್‌ನಿಂದ ಆರಂಭಿಸಿ. ಮೊದಲು ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬಂದರೆ ಕೋಣೆಯ ಬೆಳಕಿನ ಹಂಗಿಲ್ಲ ಎಂದರ್ಥ. ಏರುವ ಗುಳ್ಳೆಯನ್ನು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಸಾಮಾನ್ಯ ಫ್ಲ್ಯಾಶ್‌ಗಳಲ್ಲಿ ಪವರ್ ಕಡಿಮೆ ಮಾಡಿದಷ್ಟೂ ಮಿಂಚಿನ ಅವಧಿ ಚಿಕ್ಕದಾಗುತ್ತದೆ. 1/16 ಅಥವಾ 1/32 ಪವರ್‌ನಲ್ಲಿ ಅದು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಹಾಲಿನ ಹನಿ ಸಿಡಿದು ಕಿರೀಟದಂತಾದ 1957ರ ಪ್ರಸಿದ್ಧ ಚಿತ್ರವನ್ನು ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ತೆಗೆದದ್ದೂ ಇಂಥ ಕ್ಷಣಮಾತ್ರದ ಮಿಂಚಿನಿಂದಲೇ.

ಫೋಕಸ್ ಕೂಡ ಮ್ಯಾನುಯಲ್ ಇರಲಿ. ಆಟೋ ಫೋಕಸ್ ಗಾಜಿನ ಮೇಲೋ ತೇಲುವ ಗುಳ್ಳೆಯ ಮೇಲೋ ನಿಂತುಬಿಡುತ್ತದೆ. ಹೋಳಿನ ಮುಂಭಾಗಕ್ಕೆ ಫೋಕಸ್ ಮಾಡಿ.

ಕೆಲವೇ ನಿಮಿಷ ಸಮಯ

ಒತ್ತಡದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಬಾಟಲಿ ತೆರೆದೊಡನೆ ಹೊರಬರಲು ಶುರು ಮಾಡುತ್ತದೆ. ಹಣ್ಣಿನ ಒರಟು ಮೇಲ್ಮೈಯಲ್ಲಿ ಗುಳ್ಳೆ ಬೇಗ ಕಟ್ಟುತ್ತದೆ. ತಣ್ಣಗಿನ ಸೋಡಾ ಅನಿಲವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಹಾಗಾಗಿ ಎಲ್ಲ ಪರೀಕ್ಷೆಯನ್ನೂ ಬರೀ ನೀರಿನಲ್ಲಿ ಮುಗಿಸಿ, ಸೋಡಾವನ್ನು ಕೊನೆಗೆ ಪಾತ್ರೆಯ ಬದಿಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಮುಂದಿನ ಗಾಜಿಗೆ ಅಂಟಿದ ಗುಳ್ಳೆಗಳನ್ನು ಬ್ರಷ್‌ನಿಂದ ಸರಿಸಿ. ತೀರಾ ತಣ್ಣಗಿದ್ದರೆ ಗಾಜಿನ ಹೊರಗೆ ಬೆವರು ಮೂಡುತ್ತದೆ, ಒರೆಸುತ್ತಿರಿ.

ಹಿನ್ನೆಲೆ ಬಿಳಿಯಾಗಿ, ಹೋಳಿನ ಬಣ್ಣ ಉಳಿದುಕೊಂಡಿದ್ದರೆ ಬೆಳಕು ಸರಿಯಿದೆ. ಹೋಳೂ ಬಿಳಚಿಕೊಂಡರೆ ಪವರ್ ಇಳಿಸಿ. ಗಾಜಿನ ಅಂಚು ಹಿನ್ನೆಲೆಯಲ್ಲಿ ಕರಗಿಹೋದರೆ, ಚೌಕಟ್ಟಿನಾಚೆ ಎರಡೂ ಬದಿಗೆ ಕಪ್ಪು ರಟ್ಟು ನಿಲ್ಲಿಸಿ.

ಎಚ್ಚರಿಕೆ ಮರೆಯಬೇಡಿ

ಫ್ಲ್ಯಾಶ್‌ನೊಳಗಿನ ಕೆಪಾಸಿಟರ್‌ನಲ್ಲಿ ನೂರಾರು ವೋಲ್ಟ್ ಇರುತ್ತದೆ. ಬ್ಯಾಟರಿಯದ್ದಾದರೂ ಅದನ್ನು ಬಿಚ್ಚಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಸೋಡಾ ಚೆಲ್ಲಿದರೂ ತಲುಪದಷ್ಟು ಎತ್ತರದಲ್ಲಿಡಿ, ಪಾತ್ರೆಯ ಕೆಳಗೆ ಅಗಲವಾದ ತಟ್ಟೆ ಇರಲಿ.

ಮೊಬೈಲ್ ಮಾತ್ರ ಇದೆಯೇ? ಬಿಸಿಲು ಬೀಳುವ ಕಿಟಕಿಗೆ ಬಟರ್ ಪೇಪರ್ ಅಂಟಿಸಿ, ಅದರ ಮುಂದೆ ಪಾತ್ರೆಯಿಟ್ಟು ಪ್ರೊ ಮೋಡ್‌ನಲ್ಲಿ ವೇಗದ ಶಟರ್ ಆರಿಸಿಕೊಳ್ಳಿ. ಏರುವ ಗುಳ್ಳೆಗಳು ತುಸು ಮಸುಕಾದರೂ ಹೋಳಿಗೆ ಅಂಟಿದ ಗುಳ್ಳೆಗಳು ಚೆನ್ನಾಗಿಯೇ ಬರುತ್ತವೆ.